ಹಣ ಕಡಿತವಾದರೂ ಆರ್ಡರ್ ‘ಬಾಕಿ’ ಎಂದೇ ತೋರಿಸುತ್ತಿದೆ

ಪ್ರಶ್ನೆ: ಸಣ್ಣ ವೆಬ್ ಅಂಗಡಿಗೆ ಕ್ರೆಡಿಟ್ ಕಾರ್ಡ್ ಪಾವತಿ ಜೋಡಿಸಿದ್ದೇನೆ. ಟೆಸ್ಟ್ ಮೋಡ್‌ನಲ್ಲಿ ಎಲ್ಲ ಸರಿ. ಲೈವ್‌ನಲ್ಲಿ ಕೆಲವರ ಹಣ ಹೋದರೂ ಆರ್ಡರ್ ಖಚಿತವಾಗುತ್ತಿಲ್ಲ. ಏಕೆ?

ಉತ್ತರ 1: ಬ್ಯಾಂಕಿನ ಒಟಿಪಿ ಪುಟದಿಂದ ಮರಳುವ ಮುನ್ನ ಗ್ರಾಹಕರು ಬ್ರೌಸರ್ ಮುಚ್ಚಿದರೆ ನಿಮ್ಮ ‘ಧನ್ಯವಾದ’ ಪುಟ ತೆರೆಯುವುದೇ ಇಲ್ಲ. ಖಚಿತಪಡಿಸುವ ಕೆಲಸವನ್ನು ವೆಬ್‌ಹುಕ್‌ಗೆ (ಪಾವತಿ ನಡೆಸುವ ಗೇಟ್‌ವೇ ನೇರವಾಗಿ ನಿಮ್ಮ ಸರ್ವರ್‌ಗೆ ಕಳಿಸುವ ಸಂದೇಶ) ಕೊಡಿ. ಸಾಮಾನ್ಯವಾಗಿ ಲೈವ್‌ಗೆ ಅದರ ವಿಳಾಸವನ್ನೂ ರಹಸ್ಯ ಕೀಯನ್ನೂ ಪ್ರತ್ಯೇಕವಾಗಿ ನಮೂದಿಸಬೇಕು. ಬಹಳ ಜನ ಮರೆಯುವುದು ಇದನ್ನೇ.

ಉತ್ತರ 2: ಜೊತೆಗೆ, ಆ ಸಂದೇಶದ ಸಹಿಯನ್ನು (ಅದು ಗೇಟ್‌ವೇಯಿಂದಲೇ ಬಂದಿದೆ ಎಂಬ ಗುರುತು), ಜೇಸನ್ ಪಾರ್ಸ್ ಮಾಡುವ (ಸಂದೇಶವನ್ನು ಬಿಡಿಸಿ ಓದುವ) ಮೊದಲೇ, ಬಂದ ಮೂಲ ಪಠ್ಯದ ಮೇಲೆ ಪರಿಶೀಲಿಸಿ. ಒಂದು ಸ್ಪೇಸ್ ಬದಲಾದರೂ ತಾಳೆಯಾಗದು. ಈವೆಂಟ್ ಐಡಿ (ಸಂದೇಶದ ಗುರುತು ಸಂಖ್ಯೆ) ಉಳಿಸಿ, ತಕ್ಷಣ 200 ಉತ್ತರ (‘ತಲುಪಿತು’ ಎಂಬ ಸಂಕೇತ) ಕಳಿಸಿ. ಇಮೇಲ್, ಇನ್‌ವಾಯ್ಸ್ ಆಮೇಲೆ. ತಡವಾದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಐಡಿ ನೋಡದಿದ್ದರೆ ಒಂದೇ ಆರ್ಡರ್ ಎರಡು ಸಲ ರವಾನೆಯಾದೀತು!

ಉತ್ತರ 3: ಮೊತ್ತವನ್ನೂ ಸರ್ವರ್‌ನಲ್ಲೇ ಹೋಲಿಸಿ. ಬ್ರೌಸರ್ ಕಳಿಸಿದ ಬೆಲೆಯನ್ನು ಎಂದಿಗೂ ನಂಬಬೇಡಿ.