ಎರಡು ವರದಿ, ಎರಡು ದರ್ಜೆ: ಕೋಶಕೇಂದ್ರದ ಮೂರು ಆಯಾಮದ ಚಿತ್ರಣ ನೆರವಾಗುವುದೇ?

ಪ್ರಶ್ನೆ: ಘಟಪ್ರಭಾ ದಂಡೆಯವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಇಳಕಲ್ಲಿನಲ್ಲಿರುವ ನನ್ನ ಅಕ್ಕನಿಗೆ 47 ವರ್ಷ. ಎಡಸ್ತನದಲ್ಲಿ ಗಂಟು ಕಂಡದ್ದರಿಂದ ಕಳೆದ ತಿಂಗಳು ಸೂಜಿ ಬಯಾಪ್ಸಿ ಮಾಡಿಸಿದೆವು. ಕ್ಯಾನ್ಸರ್ ಎಂಬುದರಲ್ಲಿ ಅನುಮಾನವಿಲ್ಲ. ಮೊದಲ ಲ್ಯಾಬಿನವರು ನಳಿಕೆಗಳ ರಚನೆಗೆ 3, ಕೋಶಕೇಂದ್ರದ ವಿಕಾರಕ್ಕೆ 2, ಕೋಶವಿಭಜನೆಗೆ 2 ಅಂಕ ಹಾಕಿ, ಒಟ್ಟು 7, ಎರಡನೇ ದರ್ಜೆ ಎಂದು ಬರೆದಿದ್ದಾರೆ. ಅದೇ ಬ್ಲಾಕಿನಿಂದ (ಬಯಾಪ್ಸಿಯ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ತುಂಡು) ಹೊಸ ಸ್ಲೈಡ್ ಮಾಡಿ ನೋಡಿದ ಇನ್ನೊಂದು ಲ್ಯಾಬಿನವರು ಕೋಶಕೇಂದ್ರಕ್ಕೆ ಮಾತ್ರ 3 ಹಾಕಿದ್ದರಿಂದ ಒಟ್ಟು 8 ಆಗಿ, ಮೂರನೇ, ಅಂದರೆ ಅತಿ ತೀವ್ರ ದರ್ಜೆಯಾಗಿದೆ. ಒಂದೇ ಒಂದು ಅಂಕ ಮನೆಮಂದಿಯ ನಿದ್ದೆ ಕೆಡಿಸಿದೆ. ಕೋಶಕೇಂದ್ರವನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿ ರೋಗ ಗುರುತಿಸುವ ವಿಧಾನವಿದೆ ಎಂದು ಓದಿದ್ದೇನೆ. ಅದರಿಂದ ಈ ಗೊಂದಲ ಬಗೆಹರಿಯುತ್ತದೆಯೇ? ಅದಕ್ಕಾಗಿ ಚಿಕಿತ್ಸೆಯನ್ನು ಸ್ವಲ್ಪ ದಿನ ಮುಂದೂಡಬಹುದೇ?

ಉತ್ತರ: ಸ್ಲೈಡ್ ನೋಡುವವಳು, ಬೆಳಗಾವಿ

ಹದಿನೈದು ವರ್ಷಗಳಿಂದ ರೋಗಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ದಯವಿಟ್ಟು ಚಿಕಿತ್ಸೆಯನ್ನು ಮುಂದೂಡಬೇಡಿ.

ಎರಡು ವರದಿಗಳಲ್ಲಿ ಒಂದು ಸುಳ್ಳಿರಬೇಕು ಎಂದು ಭಾವಿಸುವ ಅಗತ್ಯವೂ ಇಲ್ಲ. ಬ್ಲೂಮ್ ಮತ್ತು ರಿಚರ್ಡ್‌ಸನ್ 1957ರಲ್ಲಿ ರೂಪಿಸಿ, ಎಲ್ಸ್ಟನ್ ಮತ್ತು ಎಲ್ಲಿಸ್ 1991ರಲ್ಲಿ ತಿದ್ದಿ ಬಿಗಿಗೊಳಿಸಿದ ಈ ಅಂಕಪದ್ಧತಿಯಲ್ಲಿ, ನೋಡುವವರ ನಡುವೆ ಹೆಚ್ಚು ಭಿನ್ನಾಭಿಪ್ರಾಯ ಬರುವುದು ಕೋಶಕೇಂದ್ರದ ಅಂಕದಲ್ಲಿಯೇ. ಗಾತ್ರದ ಮಟ್ಟಿಗೆ ಹೇಳುವುದಾದರೆ, ಸ್ವಸ್ಥ ಕೋಶಕೇಂದ್ರದ ಒಂದೂವರೆಯಿಂದ ಎರಡು ಪಟ್ಟು ಅಗಲವಿದ್ದರೆ 2, ಎರಡು ಪಟ್ಟನ್ನು ಮೀರಿದರೆ 3. ಆದರೆ ನಾವು ನೋಡುತ್ತಿರುವುದು ಇಡೀ ಕೋಶಕೇಂದ್ರವನ್ನಲ್ಲ, ಸುಮಾರು 4 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಪದರದಲ್ಲಿ ಉಳಿದ ಅದರ ಒಂದು ತುಂಡನ್ನು.

ಇಂಡಿ ಕಡೆಯ ಲಿಂಬೆಹಣ್ಣೊಂದನ್ನು ತೆಗೆದುಕೊಳ್ಳಿ. ಅದು 4 ಸೆಂಟಿಮೀಟರ್ ಅಗಲವಾಗಿ, ಪೂರ್ತಿ ಗುಂಡಗಿದೆ ಎಂದಿಟ್ಟುಕೊಳ್ಳೋಣ. ಕಣ್ಣು ಮುಚ್ಚಿಕೊಂಡು ಎಲ್ಲಿಯಾದರೂ ಅಡ್ಡ ಕೊಯ್ದರೆ ಸಿಗುವ ಬಿಲ್ಲೆಯ ಅಗಲ ಸರಾಸರಿ 3.1 ಸೆಂಟಿಮೀಟರ್ ಮಾತ್ರ. ನೂರು ಹಣ್ಣು ಕೊಯ್ದರೆ ಐವತ್ತರಷ್ಟು ಬಿಲ್ಲೆಗಳು ಮೂರೂವರೆ ಸೆಂಟಿಮೀಟರ್‌ಗಿಂತ ಕಿರಿದಾಗಿರುತ್ತವೆ. ಬಿಲ್ಲೆಗಳಿಂದ ಗೋಳದ ಗಾತ್ರವನ್ನು ಊಹಿಸುವ ಈ ಗಣಿತವನ್ನು ಸ್ವೀಡನ್ನಿನ ಸಂಖ್ಯಾಶಾಸ್ತ್ರಜ್ಞ ವಿಕ್ಸೆಲ್ 1925ರಲ್ಲಿಯೇ ಬಿಡಿಸಿ ತೋರಿಸಿದ್ದರು. ನಾವು ನೂರಾರು ಕೋಶಗಳನ್ನು ನೋಡಿ, ವಿಕಾರ ಹೆಚ್ಚಿರುವ ಜಾಗವನ್ನು ಆರಿಸಿ ಅಂಕ ಹಾಕುವುದರಿಂದ ಈ ದೋಷ ಬಹುಪಾಲು ತಗ್ಗುತ್ತದೆ. ಆದರೂ 2 ಮತ್ತು 3ರ ಗಡಿಯಲ್ಲಿರುವ ಗಂಟಿನಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಅಗಲ ಒಂದೂವರೆ ಪಟ್ಟಾದರೆ ಘನಗಾತ್ರ 3.4 ಪಟ್ಟಾಗುತ್ತದೆ, ಅಗಲ ಎರಡು ಪಟ್ಟಾದರೆ ಘನಗಾತ್ರ 8 ಪಟ್ಟಾಗುತ್ತದೆ. ಚಪ್ಪಟೆ ಚಿತ್ರದಲ್ಲಿ ಒಂದಕ್ಕೊಂದು ತಾಗಿಕೊಂಡಂತೆ ಕಾಣುವ ಎರಡು ಅಂಕಗಳ ನಡುವೆ ಘನಾಕೃತಿಯಲ್ಲಿ ಎಷ್ಟು ಅಂತರವಿದೆ ನೋಡಿ. ಮೂರು ಆಯಾಮದ ಚಿತ್ರಣದ ಮೇಲೆ ನನಗೆ ನಿಜವಾದ ಭರವಸೆ ಇರುವುದು ಈ ಕಾರಣಕ್ಕಾಗಿ.

ಇದನ್ನು ಹಲವು ಬಗೆಗಳಲ್ಲಿ ಮಾಡುತ್ತಾರೆ. ಒಂದೊಂದೇ ಆಳವನ್ನು ಬೇರೆಬೇರೆಯಾಗಿ ತೋರಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಬಣ್ಣ ಬೇಕಾಗುತ್ತದೆ, ಆಳದ ದಿಕ್ಕಿನ ಸ್ಪಷ್ಟತೆ ಅಡ್ಡದಿಕ್ಕಿನದಕ್ಕಿಂತ ಕಡಿಮೆ ಇರುತ್ತದೆ. ಇನ್ನೊಂದು, ಸಿ.ಟಿ. ಸ್ಕ್ಯಾನಿನ ತತ್ತ್ವವನ್ನೇ ಒಂದು ಕೋಶಕ್ಕೆ ಅನ್ವಯಿಸುವ ವಿಧಾನ. ನಾವು ದಿನವೂ ಬಳಸುವ ಹೆಮಟಾಕ್ಸಿಲಿನ್ ಬಣ್ಣ ಹಾಕಿದ ಬಿಡಿ ಕೋಶವನ್ನು ಕೂದಲಿನಂಥ ಗಾಜಿನ ನಳಿಕೆಯೊಳಗೆ ತಿರುಗಿಸುತ್ತ, ಸುತ್ತಲಿಂದಲೂ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಘನಾಕೃತಿಯಾಗಿ ಜೋಡಿಸುತ್ತಾರೆ. ಇದರಲ್ಲಿ ಎಲ್ಲ ದಿಕ್ಕುಗಳಲ್ಲಿಯೂ ಸ್ಪಷ್ಟತೆ ಒಂದೇ ಸಮ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸ್ವಸ್ಥ, ನಿರಪಾಯದ ಗಂಟಿನ ಮತ್ತು ಕ್ಯಾನ್ಸರಿನ ಸ್ತನಕೋಶಗಳ ಕೇಂದ್ರಗಳನ್ನು ಹೀಗೆ ಅಳೆದು ಹೋಲಿಸಿದ್ದರು. ಹೊರಮೈಯ ಮಡಿಕೆಗಳು, ಒಳಗಿನ ನ್ಯೂಕ್ಲಿಯೋಲಸ್ ಎಂಬ ದಟ್ಟ ಚುಕ್ಕೆಗಳ ಎಣಿಕೆ, ಕ್ರೊಮಾಟಿನ್, ಅಂದರೆ ಡಿಎನ್‌ಎ ಮತ್ತು ಪ್ರೊಟೀನುಗಳ ಎಳೆಗಳು, ಹರಡಿಕೊಂಡ ಬಗೆ, ಇವೆಲ್ಲ ಆಗ ಅಳತೆಗೆ ಸಿಗುತ್ತವೆ. ಆದರೆ ಅವು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳು. ಅಲ್ಲದೆ ಕೋಶಗಳನ್ನು ಬಿಡಿಬಿಡಿಯಾಗಿಸಿದೊಡನೆ ಅವು ಅಂಗಾಂಶದಲ್ಲಿ ಹೇಗೆ ಕೂತಿದ್ದವು, ನಾಳದ ಗೋಡೆ ದಾಟಿದ್ದವೇ ಇಲ್ಲವೇ ಎಂಬ ಮುಖ್ಯ ಸಂಗತಿ ಕೈತಪ್ಪುತ್ತದೆ.

ಆ ಕೊರತೆಯನ್ನು ನೀಗಿಸಲು, ಅಂಗಾಂಶವನ್ನು ಕತ್ತರಿಸದೆ ದ್ರಾವಣದಲ್ಲಿಟ್ಟು ಪಾರದರ್ಶಕವಾಗಿಸಿ, ತೆಳುವಾದ ಬೆಳಕಿನ ಹಾಳೆ ಹಾಯಿಸಿ ಪದರಪದರವಾಗಿ ಚಿತ್ರ ತೆಗೆಯುವ ವಿಧಾನವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ತೋರಿಸಿತು. ನಿಮ್ಮ ಅಕ್ಕನವರ ಬಯಾಪ್ಸಿ ಎಳೆ ಒಂದೂವರೆ ಮಿಲಿಮೀಟರ್ ದಪ್ಪವಿದ್ದರೆ ಅದರಿಂದ ಸುಮಾರು 375 ಪದರ ಕತ್ತರಿಸಬಹುದು. ನಾವು ನೋಡುವುದು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು. ಈ ವಿಧಾನದಲ್ಲಾದರೆ ಎಲ್ಲವನ್ನೂ ನೋಡಬಹುದು, ತುಣುಕೂ ಹಾಳಾಗದೆ ಉಳಿಯುತ್ತದೆ. ಆದರೆ ಇಂದು ಚಿಕಿತ್ಸೆ ನಿರ್ಧರಿಸಲು ವೈದ್ಯರು ಬಳಸುವ ನಿಯಮಗಳೆಲ್ಲ ಚಪ್ಪಟೆ ಸ್ಲೈಡಿನ ಅಳತೆಗಳ ಮೇಲೆ ನಿಂತಿವೆ. ಹಾಗಾಗಿ ಸದ್ಯಕ್ಕೆ ಎರಡೂ ಲ್ಯಾಬಿನ ಸ್ಲೈಡುಗಳನ್ನು, ಬ್ಲಾಕಿನೊಂದಿಗೆ, ಸ್ತನದ ಸ್ಲೈಡುಗಳನ್ನು ಹೆಚ್ಚಾಗಿ ನೋಡುವ ಮೂರನೆಯವರೊಬ್ಬರಿಗೆ ಒಟ್ಟಿಗೆ ತೋರಿಸಿ. ದರ್ಜೆಯಷ್ಟೇ ಅಲ್ಲ, ಗಂಟಿನ ಗಾತ್ರ, ಕಂಕುಳಿನ ಗ್ರಂಥಿಗಳು, ಹಾರ್ಮೋನು ಗ್ರಾಹಿಗಳು ಮತ್ತು ಹರ್-2 (ಕೋಶಗಳ ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೊಟೀನು) ಫಲಿತಾಂಶ ಕೂಡಿಯೇ ಚಿಕಿತ್ಸೆ ತೀರ್ಮಾನವಾಗುತ್ತದೆ.

ಉತ್ತರ: ಮೈಕ್ರೋಟೋಮ್ ಕೈ, ವಿಜಯಪುರ

ಮೇಡಂ ಹೇಳಿದ್ದಕ್ಕೆ ಲ್ಯಾಬ್ ತಂತ್ರಜ್ಞನಾಗಿ ಒಂದೆರಡು ಮಾತು ಸೇರಿಸುತ್ತೇನೆ. ಲ್ಯಾಬಿನವರಿಗೆ ಅರ್ಜಿ ಬರೆದುಕೊಟ್ಟರೆ ಬ್ಲಾಕ್ ಕೊಡುವುದು ರೂಢಿ. ಬೆರಳಗಲದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಬಿಳಿ ಮೇಣ, ಅದರೊಳಗೆ ದಾರದ ತುಂಡಿನಂತೆ ಕಾಣುವ ಅಂಗಾಂಶ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆ. ಆ ಸಂಖ್ಯೆ ವರದಿಯಲ್ಲಿರುವುದೇ ಹೌದೇ ಎಂದು ಅಲ್ಲಿಯೇ ತಾಳೆ ನೋಡಿಕೊಳ್ಳಿ. ಆ ಮೇಣ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಬೇಡಿ, ಕೈಚೀಲದಲ್ಲಿ ಜೊತೆಗೇ ಇಟ್ಟುಕೊಳ್ಳಿ.

ಮುಂದೆ ಶಸ್ತ್ರಚಿಕಿತ್ಸೆಯಾದಾಗ, ತೆಗೆದ ಗಂಟು ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣವನ್ನು ಬೇಗ ಸೇರಿತೇ ಎಂದು ಕೇಳಿ ತಿಳಿದುಕೊಳ್ಳಿ. ಒಂದು ತಾಸಿನೊಳಗೆ ಸೇರಬೇಕು, 6ರಿಂದ 72 ತಾಸು ಅದರಲ್ಲಿರಬೇಕು. ಸಲೈನಿನಲ್ಲಿ ಹಾಕಿಟ್ಟ ಗಂಟು ಊರಿಂದ ಊರಿಗೆ ಬಂದು ನಮ್ಮ ಮೇಜಿನ ಮೇಲೆ ಕೂತದ್ದನ್ನು ಕಂಡಿದ್ದೇನೆ. ಅಂಥ ಕೋಶಕೇಂದ್ರಗಳು ಮಸುಕಾಗಿ, ಬಣ್ಣ ಹಿಡಿಯದೆ ಹೋಗುತ್ತವೆ. ಆಮೇಲೆ ಎಷ್ಟೇ ಆಯಾಮದ ಯಂತ್ರ ತಂದರೂ ಹೋದ ರೂಪ ಮರಳುವುದಿಲ್ಲ.

ಮರುಪ್ರಶ್ನೆ: ಘಟಪ್ರಭಾ ದಂಡೆಯವ, ಬಾಗಲಕೋಟೆ

ಇಬ್ಬರಿಗೂ ಕೃತಜ್ಞತೆಗಳು. ಲಿಂಬೆಹಣ್ಣಿನ ಉದಾಹರಣೆಯನ್ನು ಅಕ್ಕನಿಗೆ ಓದಿ ಹೇಳಿದೆ. "ಹಂಗಾರ ಇಬ್ಬರೂ ಖರೇನ ಬರದಾರ" ಎಂದು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಉಂಡಳು. ಬ್ಲಾಕ್ ತರಲು ಸೋಮವಾರ ಹೋಗುತ್ತೇನೆ. ಹರ್-2 ಫಲಿತಾಂಶ 2+, ಅಂದರೆ ಅನಿಶ್ಚಿತ ಎಂದು ಬಂದಿದ್ದು, ಜೀನಿನ ಪ್ರತಿಗಳನ್ನು ಹೊಳೆಯುವ ಚುಕ್ಕೆಗಳಾಗಿ ಎಣಿಸುವ ಫಿಶ್ ಪರೀಕ್ಷೆ ಮಾಡಿಸಲು ಬರೆದಿದ್ದಾರೆ. ಅದನ್ನೂ ಇದೇ ತೆಳುಪದರದ ಮೇಲೆ ಮಾಡುವುದಾದರೆ, ಅಲ್ಲಿಯೂ ಕೋಶಕೇಂದ್ರ ತುಂಡಾಗಿರುವುದಿಲ್ಲವೇ?

ಉತ್ತರ: ಸ್ಲೈಡ್ ನೋಡುವವಳು, ಬೆಳಗಾವಿ

ತುಂಡಾಗಿಯೇ ಇರುತ್ತದೆ. ಅದಕ್ಕೆಂದೇ ಆ ಪರೀಕ್ಷೆಯಲ್ಲಿ ಹರ್-2 ಜೀನಿನ ಚುಕ್ಕೆಗಳನ್ನಷ್ಟೇ ಎಣಿಸಿ ಬಿಡುವುದಿಲ್ಲ. ಆ ಜೀನ್ ಇರುವ 17ನೇ ವರ್ಣತಂತುವಿನ ನಡುಭಾಗಕ್ಕೆ ಬೇರೆ ಬಣ್ಣದ ಚುಕ್ಕೆ ಹಾಕಿ, ಕನಿಷ್ಠ 20 ಕೋಶಕೇಂದ್ರಗಳಲ್ಲಿ ಎರಡನ್ನೂ ಎಣಿಸಿ, ಒಂದನ್ನು ಇನ್ನೊಂದರಿಂದ ಭಾಗಿಸುತ್ತಾರೆ. ಕೊಯ್ತದಲ್ಲಿ ಕೋಶಕೇಂದ್ರದ ಭಾಗ ಕಳೆದುಹೋದರೆ ಎರಡೂ ಬಣ್ಣದ ಚುಕ್ಕೆಗಳು ಕಳೆಯುವುದರಿಂದ ಅನುಪಾತ ಹೆಚ್ಚು ಕೆಡುವುದಿಲ್ಲ. ಅನುಪಾತ 2 ಅಥವಾ ಹೆಚ್ಚಿದ್ದು, ಒಂದು ಕೋಶಕ್ಕೆ ಸರಾಸರಿ 4 ಅಥವಾ ಹೆಚ್ಚು ಹರ್-2 ಚುಕ್ಕೆಗಳಿದ್ದರೆ ಪಾಸಿಟಿವ್ ಎನ್ನುತ್ತೇವೆ. ಫಿಶ್ ಪರೀಕ್ಷೆಗೂ ಅದೇ ಬ್ಲಾಕ್ ಬೇಕಾಗುತ್ತದೆ. ಸೋಮವಾರ ಅದನ್ನು ಪಡೆಯುವಾಗಲೇ, ಫಿಶ್ ಮಾಡಲು ಬಣ್ಣ ಹಾಕದ ನಾಲ್ಕೈದು ಸ್ಲೈಡುಗಳನ್ನು ಕೊಯ್ದುಕೊಡುವಂತೆ ಕೇಳಿಕೊಳ್ಳಿ. ಆಗ ದರ್ಜೆಯ ಮರುಪರಿಶೀಲನೆ ಒಂದು ಕಡೆ, ಫಿಶ್ ಇನ್ನೊಂದು ಕಡೆ ಏಕಕಾಲಕ್ಕೆ ನಡೆದು, ನಿಮಗೆ ಒಂದೆರಡು ವಾರ ಉಳಿಯಬಹುದು.