ಚಂದ್ರನಿಗಿಂತ ದೂರದ ಅಡಿಗೆಮನೆ: ನಮ್ಮ ಗುಂಪಿನ ಪ್ರಶ್ನೋತ್ತರ

(ಈ ಭಾನುವಾರ ಉತ್ತರ ಕೊಡುವವರು ಕಾಸರಗೋಡಿನ ಬದಿಯಡ್ಕ ಕಡೆಯ ನಿವೃತ್ತ ಪ್ರಸಾರ ಎಂಜಿನಿಯರ್. ಧ್ವನಿ, ರೇಡಿಯೊ, ಮೈಕು, ಏನೇ ಇದ್ದರೂ ಕೇಳಿ.)

ಪ್ರಶ್ನೆ, ಪೆರ್ಲದಿಂದ:
ನಮಸ್ಕಾರ ಸರ್. ಹಗಲು ನಾನೊಬ್ಬ ಗುಮಾಸ್ತ. ರಾತ್ರಿ ಊಟಕ್ಕೆ ಮೊದಲು ಎರಡು ಗಂಟೆ ಮನೆಯ ಅಟ್ಟದಲ್ಲಿ ಕೂತು ಇಂಟರ್ನೆಟ್ ರೇಡಿಯೊ ನಡೆಸುತ್ತೇನೆ. ನಗಬೇಡಿ. ಕೇಳುಗರು ಹೆಚ್ಚೆಂದರೆ ಹದಿನೈದು ಮಂದಿ, ಅದರಲ್ಲಿ ಅರ್ಧ ಗಲ್ಫಿನಲ್ಲಿರುವ ನೆಂಟರು. ಮಿಕ್ಕ ಹೊತ್ತಿನಲ್ಲಿ ವಿಜ್ಞಾನ ಕತೆ ಓದುವ ಚಟ.

ಸಮಸ್ಯೆ ಹೀಗಿದೆ. ಮೊನ್ನೆ ಪ್ರಸಾರ ನಡೆಯುತ್ತಿದ್ದಾಗ ಅಮ್ಮ ಕೆಳಗಿಂದ "ಅನ್ನ ಆರ್ತದೆ, ಬಾ" ಎಂದು ಕೂಗಿದರು. ಅದು ಮೈಕಿಗೆ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಡಿಗೆಮನೆಯಲ್ಲಿ ಅವರ ಫೋನಿನಿಂದ ಅವರದೇ ಕೂಗು ಅವರಿಗೇ ಕೇಳಿಸಿತು. "ಯಾರದು?" ಎಂದು ಗಾಬರಿಯಾದರು. ಆಮೇಲೆ ಗಡಿಯಾರ ಹಿಡಿದು ನೋಡಿದೆ: 34 ಸೆಕೆಂಡ್. ಚಂದ್ರನಿಂದ ರೇಡಿಯೊ ಸಿಗ್ನಲ್ ಬರಲು 1.3 ಸೆಕೆಂಡ್ ಸಾಕು ಎಂದು ಓದಿದ್ದೇನೆ. ಅಟ್ಟದಿಂದ ಅಡಿಗೆಮನೆಗೆ ಹನ್ನೆರಡು ಮೆಟ್ಟಿಲು. ಹಾಗಾದರೆ ನಮ್ಮ ಅಡಿಗೆಮನೆ ಚಂದ್ರನಿಗಿಂತ ದೂರ ಅಂತ ಆಯ್ತಲ್ಲ!

ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಇಳಿಸಿದರೆ ಬೇಗ ಹೋಗಬಹುದು ಎಂದು 64ರಿಂದ 32ಕ್ಕೆ ಇಳಿಸಿದೆ. ದುಬೈಯ ಚಿಕ್ಕಮ್ಮನಿಗೆ ಮೊದಲು 16 ಸೆಕೆಂಡ್ ತಡವಾಗುತ್ತಿತ್ತು. ಈಗ 24 ಆಗಿದೆ! ಎಲ್ಲಿ ತಪ್ಪಿದೆ? ಇನ್ನೊಂದು, ಫೋನ್ ಮಾಡಿ ಮಾತಾಡಿ ಎಂದರೆ ಚಿಕ್ಕಮ್ಮ ತಮ್ಮ ಧ್ವನಿಯನ್ನೇ ಕೇಳಿ ತಡವರಿಸುತ್ತಾರೆ.

ಉತ್ತರ:
ನಗುವುದು ಯಾಕೆ? 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೊ ಶುರು ಮಾಡಿದ್ದೂ ಮನೆಯಿಂದಲೇ. ಅವರು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. 'ಆಕಾಶವಾಣಿ' ಎಂಬ ಹೆಸರು ನಿಂತದ್ದೇ ಆ ಮನೆಯ ಸ್ಟೇಷನ್ನಿನಿಂದ. ಹಾಗಾಗಿ ನಿಮ್ಮ ಅಟ್ಟಕ್ಕೂ ಒಂದು ಮರ್ಯಾದೆ ಉಂಟು.

ಈಗ ವಿಷಯಕ್ಕೆ ಬರೋಣ. ತಡ ಆಗುವುದು ದೂರದಿಂದ ಅಲ್ಲ. ಇಲ್ಲಿಂದ ದುಬೈಗೆ ನೇರ ಗೆರೆಯಲ್ಲಿ 2,500 ಕಿ.ಮೀ. ಆಸುಪಾಸು. ಇಂಟರ್ನೆಟ್ ಕೇಬಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಲೆಕ್ಕ ಹಾಕಿ: ಸೆಕೆಂಡಿನ ಎಂಬತ್ತರಲ್ಲಿ ಒಂದು ಪಾಲು. ಕೇಬಲ್ ಹತ್ತು ಪಟ್ಟು ಸುತ್ತಿ ಹೋದರೂ ಕಾಲು ಸೆಕೆಂಡ್ ಆಗುವುದಿಲ್ಲ. ಮಿಕ್ಕದ್ದೆಲ್ಲ ದಾರಿಯಲ್ಲಿ ಕಾಯಿಸಿದ್ದು. ಬೇಕೆಂದೇ ಕಾಯಿಸಿದ್ದು.

ನೀವು ಪೆರ್ಲದವರು, ಸುರಂಗ ಗೊತ್ತಿದ್ದೇ ಇರುತ್ತದೆ. ಗುಡ್ಡದ ಹೊಟ್ಟೆಯಿಂದ ನೀರು ನೂಲಿನಂತೆ ಬರುತ್ತದೆ. ಅದನ್ನೇ ನೇರ ತೋಟಕ್ಕೆ ಬಿಡುತ್ತೇವಾ? ಇಲ್ಲ. ದಂಬೆಯಲ್ಲಿ ತಂದು ಟಾಂಕಿ ತುಂಬಿಸಿ, ಆಮೇಲೆ ಬಿಡುತ್ತೇವೆ. ಸುರಂಗದಲ್ಲಿ ಹತ್ತು ನಿಮಿಷ ನೀರು ಸಣ್ಣಗಾದರೂ ತೋಟಕ್ಕೆ ಗೊತ್ತಾಗಬಾರದು, ಅಷ್ಟೇ. ಬಫರ್ ಎಂದರೆ ಆ ಟಾಂಕಿ. ನಿಮ್ಮ ಮಾತು ತುಂಡು ತುಂಡಾಗಿ ಬರುತ್ತದೆ, ನೆಟ್‌ವರ್ಕ್ ನಡುನಡುವೆ ತೂಕಡಿಸುತ್ತದೆ. ಟಾಂಕಿಯಲ್ಲಿ ಒಂದಷ್ಟು ಸೆಕೆಂಡಿನ ಮಾತು ಇದ್ದರೆ ಕೇಳುವವರಿಗೆ ತಡೆ ಗೊತ್ತಾಗುವುದಿಲ್ಲ.

ನಿಮ್ಮ 32ರ ಕತೆ ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಪ್ರಸಾರಕ್ಕೆ ನೀವು ಐಸ್‌ಕಾಸ್ಟ್ ಎಂಬ ಸರ್ವರ್ ತಂತ್ರಾಂಶ ಬಳಸುತ್ತೀರಿ ಎಂದುಕೊಳ್ಳುತ್ತೇನೆ. ಹೊಸ ಕೇಳುಗ ಬಂದ ಕೂಡಲೇ ಅದು 64 ಕಿಲೊಬೈಟ್ ಹಳೆಯ ಧ್ವನಿಯನ್ನು ಒಂದೇ ಸಲಕ್ಕೆ ಸುರಿಯುತ್ತದೆ, ಅವನ ಟಾಂಕಿ ಬೇಗ ತುಂಬಲಿ ಎಂದು. ಸೆಟ್ಟಿಂಗ್‌ನಲ್ಲಿ ಅದಕ್ಕೆ ಬರ್ಸ್ಟ್ ಸೈಜ್ ಎನ್ನುತ್ತಾರೆ. ಇದು ಸೆಕೆಂಡಿನ ಲೆಕ್ಕವಲ್ಲ, ಬೈಟ್‌ನ ಲೆಕ್ಕ. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 8 ಕಿಲೊಬೈಟ್. ಅಂದರೆ ಆ 64 ಕಿಲೊಬೈಟ್‌ನಲ್ಲಿ 8 ಸೆಕೆಂಡಿನ ಮಾತು ಇರುತ್ತದೆ. 32ಕ್ಕೆ ಇಳಿಸಿದಿರಿ. ಟಾಂಕಿ ಅಷ್ಟೇ ದೊಡ್ಡದು, ನೀರು ಬಿಡುವುದು ಅರ್ಧಕ್ಕರ್ಧ. ಈಗ ಅದರಲ್ಲೇ 16 ಸೆಕೆಂಡ್ ಹಿಡಿಯುತ್ತದೆ. ನಿಮಗೆ ಜಾಸ್ತಿ ಬಂದದ್ದು ಎಷ್ಟು? 8 ಸೆಕೆಂಡ್. ಸರಿಯಾಯ್ತಲ್ವಾ. 128ಕ್ಕೆ ಏರಿಸಿದರೆ ಆ ಭಾಗ 4ಕ್ಕೆ ಇಳಿಯುತ್ತದೆ. ಆದರೆ ಒಬ್ಬ ಕೇಳುಗನಿಗೆ ಗಂಟೆಗೆ 57.6 ಎಂಬಿ ಡೇಟಾ ಬೇಕು. 64ರಲ್ಲಾದರೆ 28.8 ಸಾಕು. ಬರೀ ಮಾತಿಗೆ 128 ದಂಡ. 64ಕ್ಕೇ ವಾಪಸ್ ಬನ್ನಿ, ಬರ್ಸ್ಟ್ ಸೈಜ್ ಅನ್ನು ಅರ್ಧ ಮಾಡಿ. ಪೂರ್ತಿ ತೆಗೆಯಬೇಡಿ. ತೋಟದ ನಡುವೆ ಒಂದೇ ಕಡ್ಡಿ ನೆಟ್‌ವರ್ಕ್‌ನಲ್ಲಿ ಕೇಳುವವರು ನಿಮಗೆ ಶಾಪ ಹಾಕುತ್ತಾರೆ.

ಒಂದು ಸಂಶಯ. ಚಿಕ್ಕಮ್ಮನಿಗೆ 24, ಕೆಳಗಿರುವ ಅಮ್ಮನಿಗೆ 34. ಇಬ್ಬರೂ ಒಂದೇ ಲಿಂಕ್ ಬಳಸುತ್ತಾರಾ?

ಪೆರ್ಲದಿಂದ:
ಇಲ್ಲ ಸರ್. ಚಿಕ್ಕಮ್ಮನಿಗೆ ಸರ್ವರಿನ ನೇರ ಲಿಂಕ್. ಅಮ್ಮನ ಫೋನಿನಲ್ಲಿ ವೆಬ್ ಪ್ಲೇಯರ್. ಅದು ಬೇರೆ ಸೇವೆಯದ್ದು, ಎಚ್‌ಎಲ್‌ಎಸ್ ಅಂತ ಬರೆದಿದೆ.

ಉತ್ತರ:
ಸಿಕ್ಕಿತು. ಎಚ್‌ಎಲ್‌ಎಸ್ ನಿಮ್ಮ ಧ್ವನಿಯನ್ನು ಹೋಳು ಮಾಡಿ ಫೈಲಾಗಿ ಇಡುತ್ತದೆ. ಒಂದು ಹೋಳು ಸಾಮಾನ್ಯವಾಗಿ 6 ಸೆಕೆಂಡ್. ಹೋಳು ಪೂರ್ತಿ ಆಗದೆ ಅದು ಹೊರಗೆ ಹೋಗುವುದಿಲ್ಲ. ಪ್ಲೇಯರ್ ಕೂಡ ಮೂರು ಹೋಳು ಹಿಂದಿನಿಂದ ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಹೋಯಿತು. ಬಸ್ಸು ತುಂಬದೆ ಹೊರಡದ ಹಾಗೆ. ಅಮ್ಮನಿಗೂ ನೇರ ಲಿಂಕ್ ಕೊಟ್ಟು ನೋಡಿ.

ಚಿಕ್ಕಮ್ಮನ ಫೋನಿನ ವಿಷಯಕ್ಕೆ ಎರಡು ಮಾತು. ಕರೆ ಮಾಡುವಾಗ ರೇಡಿಯೊ ಬಂದ್ ಮಾಡಲು ಹೇಳಿ, ಪ್ರಸಾರವನ್ನು ಫೋನಿನಲ್ಲೇ ಕೇಳಲಿ. ನೀವು ಅವರ ಕಿವಿಗೆ ಕಳಿಸುವ ಧ್ವನಿಯಲ್ಲಿ ಅವರದ್ದು ಮಾತ್ರ ಇರಬಾರದು, ಮಿಕ್ಕ ಎಲ್ಲವೂ ಇರಬೇಕು. ಸ್ಟುಡಿಯೊದವರು ಇದನ್ನು ಮಿಕ್ಸ್ ಮೈನಸ್ ಎನ್ನುತ್ತಾರೆ. ನಿಮ್ಮ ಮಿಕ್ಸರಿನಲ್ಲಿ ಆಕ್ಸ್ ಎಂಬ ಗುಂಡಿ ಪ್ರತಿ ಚಾನಲಿಗೂ ಇರುತ್ತದೆ. ಆಕ್ಸ್ ಔಟ್‌ನಿಂದ ಫೋನಿಗೆ ತಂತಿ ಕೊಡಿ. ನಿಮ್ಮ ಮೈಕಿನ ಚಾನಲಿನಲ್ಲಿ ಆಕ್ಸ್ ಏರಿಸಿ, ಚಿಕ್ಕಮ್ಮನ ಚಾನಲಿನಲ್ಲಿ ಸೊನ್ನೆಗೆ ತನ್ನಿ. ಆಯ್ತು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಜಾಸ್ತಿ ಬೈಗುಳ ತಿಂದದ್ದು ಈ ಒಂದು ಗುಂಡಿಯನ್ನು ಮರೆತದ್ದಕ್ಕೆ.

ಪ್ರಶ್ನೆ, ಕುಂಬಳೆಯಿಂದ:
ಮಾವ, ನನ್ನದು ಸುಮ್ನೆ ಒಂದು ತಲೆಹರಟೆ ಪ್ರಶ್ನೆ. ಪೆರ್ಲದ ಅಣ್ಣನ ಪ್ರಸಾರ ಯಾವತ್ತಾದರೂ ಬೇರೆ ನಕ್ಷತ್ರದವರಿಗೆ ಮುಟ್ಟಬಹುದಾ? ಕತೆಗಳಲ್ಲಿ ಅವರು ನಮ್ಮ ರೇಡಿಯೊ ಕೇಳಿಯೇ ಹುಡುಕಿಕೊಂಡು ಬರುವುದಲ್ವಾ?

ಉತ್ತರ:
ಅಣ್ಣನದ್ದು ಮುಟ್ಟುವುದಿಲ್ಲ. ಅದು ಗಾಜಿನೊಳಗೆ ಓಡಿ ಗಾಜಿನೊಳಗೇ ಮುಗಿಯುತ್ತದೆ. ಕೊನೆಯ ನಾಲ್ಕು ಮಾರು ವೈಫೈ, ಅದು ನಿಮ್ಮ ದನದ ಕೊಟ್ಟಿಗೆ ದಾಟಿದರೆ ಹೆಚ್ಚು. ಹಳೆಯ ಮೀಡಿಯಂ ವೇವ್ ಕೂಡ ಹೆಚ್ಚೇನೂ ಹೊರಗೆ ಹೋಗುವುದಿಲ್ಲ. ರಾತ್ರಿ ಆಕಾಶದ ಮೇಲಿನ ಅಯಾನುಗೋಳ ಎಂಬ ಪದರಕ್ಕೆ ಬಡಿದು ಕೆಳಗೆ ಬೀಳುತ್ತದೆ. ನಾವು ಸಣ್ಣವರಿದ್ದಾಗ ರಾತ್ರಿಯಾದ ಕೂಡಲೇ ದೂರದೂರದ ಸ್ಟೇಷನ್‌ಗಳು ಕೇಳಿಸುತ್ತಿದ್ದುದು ಅದಕ್ಕೇ. ತೂರಿಕೊಂಡು ಹೋಗುವುದು ಎಫ್‌ಎಂ ಮತ್ತು ಟಿವಿ ತರಂಗ. ಹತ್ತಿರದ ನಕ್ಷತ್ರಕ್ಕೆ 4.2 ವರ್ಷ. ಅಲ್ಲಿಗೆ ತಲುಪುವಾಗ ಅದರಲ್ಲಿ ಉಸಿರೇ ಇರುವುದಿಲ್ಲ.

ನನಗೆ ಇದರಲ್ಲಿ ಒಂದು ಕತೆ ಕಾಣುತ್ತದೆ. ಪೆರ್ಲದವರೇ ಬರೆಯಬೇಕು. ನಾವು ಮಾತಾಡುವುದು ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆ, ಆದರೆ ಮಾತೆಲ್ಲ ಗಾಜಿನೊಳಗೆ ಹೋಗುತ್ತಿದೆ. ದೂರದಿಂದ ಕಿವಿಗೊಟ್ಟವರಿಗೆ ನಮ್ಮ ಊರಲ್ಲಿ ಏನೋ ಆಗಿ ಎಲ್ಲರೂ ಸುಮ್ಮನಾದಂತೆ ಕಾಣಬಹುದು.

ಪ್ರಶ್ನೆ, ಮಂಜೇಶ್ವರದಿಂದ:
ಸರ್, ನನಗೂ ಇಂಥದ್ದೊಂದು ಮಾಡುವ ಆಸೆ. ಕತೆ ಓದಿ ಹೇಳುವುದು, ನಡುವೆ ಸಿನಿಮಾ ಹಾಡು. ಲೈಸೆನ್ಸ್ ಬೇಕಾ? ಚಿಕ್ಕ ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ಆನ್‌ಲೈನಲ್ಲಿ ಸಿಗುತ್ತದೆ.

ಉತ್ತರ:
ಟ್ರಾನ್ಸ್‌ಮಿಟರ್ ಆಸೆ ಬಿಡಿ. ಗಾಳಿಯಲ್ಲಿ ಪ್ರಸಾರ ಬಿಡಲು ಸರಕಾರದ ಪರವಾನಗಿ ಬೇಕು. ಸಿಗುತ್ತದೆ ಎಂದ ಮಾತ್ರಕ್ಕೆ ಹಚ್ಚಬಹುದು ಎಂದಲ್ಲ. ಇಂಟರ್ನೆಟ್ ರೇಡಿಯೊಗೆ ತರಂಗದ ಪರವಾನಗಿ ಪ್ರಶ್ನೆ ಬರುವುದಿಲ್ಲ. ಆದರೆ ಕಾಪಿರೈಟ್ ಎಲ್ಲಿಯೂ ಬಿಡುವುದಿಲ್ಲ. ಹದಿನೈದು ಮಂದಿ ಕೇಳಿದರೂ ಸಿನಿಮಾ ಹಾಡಿಗೆ ಹಕ್ಕುದಾರರ ಒಪ್ಪಿಗೆ ಬೇಕು. ಕತೆಗೂ ಅಷ್ಟೇ.

1957ರ ಕಾಯಿದೆ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ತೀರಿಕೊಂಡ ಮರುವರ್ಷದ ಮೊದಲ ದಿನದಿಂದ ಎಣಿಕೆ. ನಿಮ್ಮ ಊರಿನವರನ್ನೇ ತೆಗೆದುಕೊಳ್ಳಿ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಕಾಲದಲ್ಲಿ ಅಚ್ಚಾದ ಪದ್ಯಗಳನ್ನು 2024ರ ಜನವರಿಯಿಂದ ಯಾರೂ ಓದಬಹುದು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮನ್ನು ಬಿಟ್ಟುಹೋದದ್ದು 2015ರಲ್ಲಿ. ಅವರ ಪದ್ಯಕ್ಕೆ ಮನೆಯವರನ್ನು ಕೇಳಲೇಬೇಕು. ಕೇಳಿದರೆ ಆಯ್ತು, ಎಷ್ಟೋ ಮಂದಿ ಸಂತೋಷದಿಂದಲೇ ಹೂಂ ಎನ್ನುತ್ತಾರೆ. ನಾನು ವಕೀಲನಲ್ಲ, ಆದರೆ ನೌಕರಿಯಲ್ಲಿ ಈ ಲೆಕ್ಕ ಬಾಯಿಪಾಠ ಆಗಿದೆ. ವಿಜ್ಞಾನ ಕತೆಯಲ್ಲಿ ಹಳೆಯದು ಕಮ್ಮಿ, ಹಾಗಾಗಿ ಹೆಚ್ಚಿನದ್ದಕ್ಕೆ ಕೇಳಿಯೇ ಓದಬೇಕಾಗುತ್ತದೆ.

ಪೆರ್ಲದಿಂದ:
ಸರ್, ಆಟಿ ಮಳೆಯಲ್ಲಿ ಏನು ಮಾಡುವುದು? ಅಟ್ಟಕ್ಕೆ ಶೀಟು ಹೊದೆಸಿದೆ. ಕರೆಂಟಿನದ್ದೂ ಗೋಳು.

ಉತ್ತರ:
ಶೀಟಿನ ಮೇಲಿನ ಮಳೆಯನ್ನು ಯಾವ ಫಿಲ್ಟರ್ ಕೂಡ ತೆಗೆಯುವುದಿಲ್ಲ, ಅದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರದಲ್ಲೂ ಇರುತ್ತದೆ. ಫ್ಯಾನಿನ ತಗ್ಗಿನ ಗುಂಯ್ ಮಾತ್ರ ಕಮ್ಮಿಯಾಗುತ್ತದೆ, 80 ಹರ್ಟ್ಸ್‌ನ ಕೆಳಗೆ ಕತ್ತರಿಸಿ. ಡೈನಮಿಕ್ ಮೈಕ್ ತೆಗೆದುಕೊಳ್ಳಿ, ಬಾಯಿಗೆ ಒಂದು ಮುಷ್ಟಿ ದೂರ. ಆ ತಿಂಗಳು ಅಟ್ಟ ಬಿಟ್ಟು ಕೆಳಗಿನ ಪತ್ತಾಯದ ಕೋಣೆಗೆ ಇಳಿಯಿರಿ. ಭತ್ತದ ಗೋಣಿಗಿಂತ ಒಳ್ಳೆಯ ಸೌಂಡ್‌ಪ್ರೂಫ್ ನಾನು ಕಂಡಿಲ್ಲ.

ಮೋಡೆಮ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಾಕು. ಆದರೂ ಪ್ರಸಾರ ಕಡಿದರೆ? ಐಸ್‌ಕಾಸ್ಟ್‌ನಲ್ಲಿ ಫಾಲ್‌ಬ್ಯಾಕ್ ಎಂದು ಉಂಟು. ನೀವು ಕಡಿದ ಕ್ಷಣ ಕೇಳುಗರನ್ನು ಇನ್ನೊಂದು ಧ್ವನಿಗೆ ದಾಟಿಸುತ್ತದೆ, ಫಾಲ್‌ಬ್ಯಾಕ್ ಓವರ್‌ರೈಡ್ ಕೂಡ ಹಾಕಿಟ್ಟರೆ ನೀವು ಬಂದ ಕೂಡಲೇ ವಾಪಸ್ ತರುತ್ತದೆ. ಆ ಫೈಲ್ ನಿಮ್ಮ ಪ್ರಸಾರದ ಅದೇ ನಮೂನೆಯಲ್ಲಿ, ಅದೇ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯುತ್ತದೆ ಎಂಬ ಲೆಕ್ಕ) ಇರಬೇಕು. ಇಲ್ಲದಿದ್ದರೆ ಪ್ಲೇಯರ್ ಸತ್ತೇ ಹೋಗುತ್ತದೆ. ತಂಬೂರಿಯ ಶ್ರುತಿ ನೀವೇ ರೆಕಾರ್ಡ್ ಮಾಡಿ ಹಾಕಿ.

ತುಲಾ ತಿಂಗಳ ಸಿಡಿಲಿಗೆ ಮಾತ್ರ ಹಠ ಬೇಡ. ಫೈಬರ್ ಗಾಜು, ಅದರಲ್ಲಿ ಸಿಡಿಲು ಬರುವುದಿಲ್ಲ ಎಂದು ಎಷ್ಟೋ ಮಂದಿ ಧೈರ್ಯದಲ್ಲಿರುತ್ತಾರೆ. ಮನೆಗೆ ಬರುವ ಕೇಬಲಿನಲ್ಲಿ ಗಾಜಿನ ಜೊತೆ ಎಳೆತಕ್ಕೆಂದು ಉಕ್ಕಿನ ಸರಿಗೆಯೂ ಇರುವುದುಂಟು. ಕರೆಂಟಿನ ತಂತಿಯಂತೂ ಇದ್ದೇ ಇದೆ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತು ಊಟಕ್ಕೆ ಇಳಿಯಿರಿ.

ಪೆರ್ಲದಿಂದ (ಬುಧವಾರ ರಾತ್ರಿ):
ಸರ್, 64ಕ್ಕೆ ಬಂದೆ, ಬರ್ಸ್ಟ್ ಅರ್ಧ ಮಾಡಿದೆ. ಚಿಕ್ಕಮ್ಮನಿಗೆ ಈಗ 12 ಸೆಕೆಂಡ್. ಆಕ್ಸ್ ಗುಂಡಿ ತಿರುಗಿಸಿದ ಮೇಲೆ ಇಪ್ಪತ್ತು ನಿಮಿಷ ತಡವರಿಸದೆ ಮಾತಾಡಿದರು, ನಾನೇ ನಿಲ್ಲಿಸಬೇಕಾಯಿತು. ಅಮ್ಮನಿಗೂ ನೇರ ಲಿಂಕ್ ಹಾಕಿಕೊಟ್ಟೆ. ಅವರಿಗೆ ಖುಷಿಯಿಲ್ಲ. ಅವರು ಒಗ್ಗರಣೆ ಹಾಕುವುದು ದಿನಾ ಎಂಟು ಹೊಡೆಯುವಾಗ, ನಾನು ಮಾತು ಶುರು ಮಾಡುವುದೂ ಆಗಲೇ. "ಮೊದಲೆಲ್ಲ ಸಾಸಿವೆ ಸಿಡಿದು ಮುಗಿದ ಮೇಲೆ ನಿನ್ನ ನಮಸ್ಕಾರ ಬರ್ತಿತ್ತು. ಈಗ ಅದೇ ಕೇಳುವುದಿಲ್ಲ" ಎನ್ನುತ್ತಾರೆ.

ಉತ್ತರ:
ಅಮ್ಮನಿಗೆ ಹಳೆಯ ಲಿಂಕೇ ಇರಲಿ.