ಮಾನ್‌ಸ್ಟರ್ ಸಾಕುವ ಗೇಮ್‌ಗಳು: ನಿಲ್ಲಿಸುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ನೋಡಿ

ಎಲ್ಲರಿಗೂ ನಮಸ್ಕಾರ. ಮಕ್ಕಳು ಕಾಲ್ಪನಿಕ ಪ್ರಾಣಿಗಳನ್ನು ಸಾಕಿ ಕಾಳಗಕ್ಕೆ ಇಳಿಸುವ ಪೋಕೆಮಾನ್, ಡಿಜಿಮಾನ್ ತರಹದ ಗೇಮ್‌ಗಳಲ್ಲೇ ಮುಳುಗಿರುತ್ತಾರೆ, ನಿಲ್ಲಿಸಬೇಕಾ, ಬಿಡಬೇಕಾ ಅಂತ ಗುಂಪಿನಲ್ಲಿ ಕೆಲವರು ಕೇಳಿದ್ದೀರಿ. ಇನ್ನು ಕೆಲವರದು ಬೇರೆ ಚಿಂತೆ: ಮಗುವಿಗೆ ಕನ್ನಡ ಅರ್ಥವಾಗುತ್ತೆ, ಆದರೆ ತಿರುಗಿ ಉತ್ತರ ಕೊಡೋದು ಇಂಗ್ಲಿಷಿನಲ್ಲೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದ್ದೇನೆ.

ಪರದೇಶದಲ್ಲಿರುವ ನಮ್ಮ ಮನೆಗಳಲ್ಲಿ ಕನ್ನಡ ಹೆಚ್ಚಾಗಿ ಆಜ್ಞೆಯ ರೂಪದಲ್ಲೇ ಮಗುವಿನ ಕಿವಿಗೆ ಬೀಳುತ್ತೆ. ಬೇಗ ಏಳು, ಊಟ ಮಾಡು, ಹೋಂವರ್ಕ್ ಮುಗಿಸು, ಮಲಗು. ಇವಕ್ಕೆಲ್ಲ ‘ಹೂಂ’, ‘ಆಮೇಲೆ’ ಅಂದರೆ ಮಾತು ಮುಗೀತು. ‘ಹೀಗೆ ಮಾಡಿದರೆ ಹಾಗಾಗುತ್ತೆ, ಯಾಕಂದರೆ...’ ಅಂತ ವಾಕ್ಯ ಬೆಳೆಸುವ ಸಂದರ್ಭ ಮಗುವಿಗೆ ಸಿಗೋದು ಶಾಲೆಯಲ್ಲಿ, ಶಾಲೆಯ ಭಾಷೆಯಲ್ಲಿ. ಮನೆಯಲ್ಲಿ ಕನ್ನಡದಲ್ಲಿ ಉದ್ದಕ್ಕೆ ಮಾತಾಡಬೇಕಾದರೆ ಮಗುವಿಗೆ ಚೆನ್ನಾಗಿ ಗೊತ್ತಿರುವ, ನಮಗೆ ಏನೂ ಗೊತ್ತಿಲ್ಲದ ಒಂದು ವಿಷಯ ಬೇಕು. ಮಾನ್‌ಸ್ಟರ್ ಸಾಕುವ ಗೇಮ್ ಅಂಥ ವಿಷಯ. ಪಕ್ಕದಲ್ಲಿ ಕೂತು ‘ಇದು ಏನು? ಇದನ್ನೇ ಯಾಕೆ ಆರಿಸಿದೆ?’ ಅಂತ ಕೇಳಿ ನೋಡಿ. ನಮ್ಮ ಮಗಳು ಬೇರೆ ಯಾವ ವಿಷಯಕ್ಕೂ ಆಡದಷ್ಟು ಉದ್ದದ ಕನ್ನಡ ವಾಕ್ಯಗಳನ್ನು ಈ ವಿಷಯಕ್ಕೆ ಆಡುತ್ತಾಳೆ. ನಡುವೆ ಇಂಗ್ಲಿಷ್ ಪದ ಬರುತ್ತೆ, ಬರಲಿ. ವಾಕ್ಯದ ಕಟ್ಟು ಕನ್ನಡದ್ದೇ ಆಗಿರುತ್ತೆ, ಅದೇ ಮುಖ್ಯ.

ಎಲ್ಲಾ ಗೇಮ್‌ಗಳಲ್ಲೂ ಇದು ಆಗಲ್ಲ. ಓಡುವ, ಗುಂಡು ಹಾರಿಸುವ ಗೇಮ್ ಆಡುವಾಗ ಮಗುವನ್ನು ಮಾತಾಡಿಸಿದರೆ ಅದಕ್ಕೆ ಸಿಟ್ಟು ಬರುತ್ತೆ, ಬರೋದು ಸಹಜವೇ. ಈ ಜಾತಿಯ ಬಹುಪಾಲು ಗೇಮ್‌ಗಳಲ್ಲಿ ಕಾಳಗ ನಡೆಯೋದು ಸರದಿಯ ಮೇಲೆ. ಅವರದೊಂದು ಏಟು, ನಮ್ಮದೊಂದು ಏಟು. ನಮ್ಮ ಸರದಿ ಬಂದಾಗ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಆ ಬಿಡುವಿನಲ್ಲೇ ಮಾತುಕತೆ ನಡೆಯೋದು.

ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1987ರಲ್ಲಿ ಜಪಾನಿನಲ್ಲಿ ಬಂದ ಮೆಗಾಮಿ ಟೆನ್ಸೇ ಗೇಮ್‌ನಲ್ಲೇ ಎದುರಾಳಿ ಭೂತಗಳ ಜೊತೆ ಮಾತಾಡಿ ಒಲಿಸಿಕೊಳ್ಳಬಹುದಿತ್ತು. 1992ರ ಡ್ರ್ಯಾಗನ್ ಕ್ವೆಸ್ಟ್ 5ರಲ್ಲಿ ಸೋತ ಮಾನ್‌ಸ್ಟರ್‌ಗಳು ನಮ್ಮ ತಂಡ ಸೇರುತ್ತಿದ್ದವು. ಇದು ಜಗತ್ತಿಗೆಲ್ಲ ಹಬ್ಬಿದ್ದು ಮಾತ್ರ 1996ರ ಫೆಬ್ರವರಿಯಲ್ಲಿ ಗೇಮ್ ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ ಪೋಕೆಮಾನ್‌ನಿಂದ. ಅದನ್ನು ರೂಪಿಸಿದ ಸತೋಷಿ ತಾಜಿರಿ ಚಿಕ್ಕವರಿದ್ದಾಗ ಟೋಕಿಯೊದ ಹೊರವಲಯದಲ್ಲಿ ಹುಳು ಹಿಡಿದು ಕೂಡಿಡುತ್ತಿದ್ದವರು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ನೋಡಿದಾಗ, ಅದರೊಳಗೆ ಹುಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದು ಹೋಗುವ ಹಾಗೆ ಅವರಿಗೆ ತೋಚಿತಂತೆ. ಹಾಗಾಗಿ ಮೊದಲಿಂದಲೂ ಈ ಗೇಮ್ ಕೊಡು-ಕೊಳ್ಳುವಿಕೆಯ ಮೇಲೇ ನಿಂತಿದೆ. ಮೊದಲ ಗೇಮ್ ರೆಡ್, ಗ್ರೀನ್ ಅಂತ ಎರಡು ಆವೃತ್ತಿಗಳಲ್ಲಿ ಬಂತು. ರೆಡ್‌ನಲ್ಲಿ ಸಿಗುವ ಕೆಲವು ಪ್ರಾಣಿಗಳು ಗ್ರೀನ್‌ನಲ್ಲಿ ಸಿಗಲ್ಲ. ಇನ್ನೊಂದು ಮಗುವಿನ ಸ್ನೇಹ ಇಲ್ಲದೆ ಸಂಗ್ರಹ ತುಂಬೋದೇ ಇಲ್ಲ. ಹೊಸ ದೇಶ, ಹೊಸ ಶಾಲೆಗೆ ಬಂದ ಮಗು ಬಿಡುವಿನ ವೇಳೆಯಲ್ಲಿ ಮಾತು ಶುರು ಮಾಡಲು ಇಂಥದೊಂದು ನೆಪ ಇದ್ದರೆ ಎಷ್ಟು ಅನುಕೂಲ ಅಂತ ನೀವೇ ಯೋಚಿಸಿ.

ಈಗ ಮಗುವನ್ನು ಏನು ಕೇಳಬೇಕು ಅನ್ನೋದಕ್ಕೆ ಬರ್ತೀನಿ. ಮೊದಲು ಟೈಪ್‌ಗಳ ಬಗ್ಗೆ, ಅಂದರೆ ನೀರು, ಬೆಂಕಿ ಅಂತ ಪ್ರಾಣಿಗಳನ್ನು ವಿಂಗಡಿಸುವ ಗುಂಪುಗಳ ಬಗ್ಗೆ ಕೇಳಿ. ಮೊದಲ ಪೋಕೆಮಾನ್‌ನಲ್ಲಿ 15 ಇದ್ದವು, ಈಗ 18. ನೀರು ಬೆಂಕಿಯನ್ನು ಗೆಲ್ಲುತ್ತೆ, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು. ಒಂದೇ ಪ್ರಾಣಿಗೆ ಎರಡು ಟೈಪ್ ಇದ್ದರೆ ಗುಣಾಕಾರ ಶುರು. ಗ್ಯಾರಡಾಸ್ ಅನ್ನೋ ಪ್ರಾಣಿ ನೀರೂ ಹೌದು, ಹಾರುವುದೂ ಹೌದು. ಎರಡಕ್ಕೂ ವಿದ್ಯುತ್ತಿನ ಏಟು ಇಮ್ಮಡಿ, ಒಟ್ಟು 4 ಪಟ್ಟು. ಅದೇ ನೆಲದ ಟೈಪ್ ಮೇಲೆ ವಿದ್ಯುತ್ತಿನ ಏಟು ಸೊನ್ನೆ, ಇನ್ನೊಂದು ಟೈಪ್ ಏನೇ ಇದ್ದರೂ ಸೊನ್ನೆಯೇ. ಮಗು ಈ ಲೆಕ್ಕವನ್ನು ತಲೆಯಲ್ಲೇ ಮಾಡುತ್ತೆ. ‘ಹೇಗೆ ಗೊತ್ತಾಯ್ತು, ಬಿಡಿಸಿ ಹೇಳು’ ಅಂದರೆ ಸಾಕು. ಅಜ್ಜಿ-ತಾತನ ಜೊತೆ ವಿಡಿಯೊ ಕರೆಯಲ್ಲಿ ‘ಊಟ ಆಯ್ತಾ’ ಮುಗಿದ ಮೇಲೆ ಏನು ಮಾತಾಡೋದು ಅಂತ ತಿಳಿಯದ ಮಕ್ಕಳು ಇದನ್ನು ಅವರಿಗೆ ಕಲಿಸಬಹುದು. ತಾತ ತಪ್ಪು ಉತ್ತರ ಕೊಟ್ಟಾಗ ತಿದ್ದುವ ಉತ್ಸಾಹದಲ್ಲಿ ಕನ್ನಡ ತಾನಾಗೇ ಹೊರಬರುತ್ತೆ.

ಆಮೇಲೆ ಅದೃಷ್ಟದ ಲೆಕ್ಕ. ಬಣ್ಣ ಬೇರೆ ಇರುವ ಅಪರೂಪದ ‘ಶೈನಿ’ ಪ್ರಾಣಿ ಸಿಗುವ ಸಾಧ್ಯತೆ ಈಗಿನ ಗೇಮ್‌ಗಳಲ್ಲಿ ಸಾಮಾನ್ಯವಾಗಿ 4096ಕ್ಕೆ 1. ಹಾಗಾದರೆ 4096 ಸಲ ಪ್ರಯತ್ನಿಸಿದರೆ ಸಿಕ್ಕೇ ಸಿಗುತ್ತಾ? ಇಲ್ಲ. ಅಷ್ಟು ಸಲ ಮಾಡಿದರೂ ಸಿಗುವ ಸಾಧ್ಯತೆ ಸುಮಾರು 63 ಶೇಕಡಾ ಮಾತ್ರ. ಹತ್ತು-ಹನ್ನೆರಡು ವರ್ಷದ ಮಗುವಿಗೆ ಸಂಭಾವ್ಯತೆ ಅಂದರೇನು ಅಂತ ತಿಳಿಸಲು ಇಷ್ಟು ಒಳ್ಳೆಯ ದಾರಿ ನನಗೆ ಬೇರೆ ಸಿಕ್ಕಿಲ್ಲ.

ನಮ್ಮಂಥವರಿಗೆ ಇಷ್ಟವಾಗುವ ನಿಯಮಗಳೂ ಇದರಲ್ಲಿವೆ. ಎರಡು ಪ್ರಾಣಿಗಳನ್ನು ಒಟ್ಟಿಗೆ ಬಿಟ್ಟರೆ ಮೊಟ್ಟೆ ಸಿಗುತ್ತೆ. ಆ ತಂದೆ-ತಾಯಿ ಬೇರೆ ಬೇರೆ ಭಾಷೆಯ ಗೇಮ್‌ಗಳಿಂದ ಬಂದಿದ್ದರೆ ಶೈನಿ ಮರಿ ಹುಟ್ಟುವ ಸಾಧ್ಯತೆ ಹೆಚ್ಚು, ಈಗಿನ ಗೇಮ್‌ಗಳಲ್ಲಿ ಸುಮಾರು 683ಕ್ಕೆ 1. 2006ರಲ್ಲಿ ಸೇರಿಸಿದ ಈ ನಿಯಮಕ್ಕೆ ಗೇಮ್ ತಯಾರಕರಲ್ಲಿ ಒಬ್ಬರಾದ ಜುನಿಚಿ ಮಸುದಾ ಅವರ ಹೆಸರಿನಲ್ಲಿ ಮಸುದಾ ವಿಧಾನ ಅಂತಾರೆ. ಇನ್ನೊಬ್ಬರಿಂದ ಬದಲಾಯಿಸಿಕೊಂಡ ಪ್ರಾಣಿ ಒಂದೂವರೆ ಪಟ್ಟು ವೇಗವಾಗಿ ಅನುಭವ ಗಳಿಸುತ್ತೆ, ಬೇರೆ ಭಾಷೆಯ ಗೇಮ್‌ನಿಂದ ಬಂದದ್ದಾದರೆ ಅದಕ್ಕಿಂತಲೂ ವೇಗ.

2016ರ ಸನ್ ಮತ್ತು ಮೂನ್‌ನಲ್ಲಿ ಇನ್ನೊಂದು ಬಂತು. ವಲ್ಪಿಕ್ಸ್ ಅನ್ನೋ ಬೆಂಕಿಯ ನರಿಮರಿ ಅಲೋಲಾ ಅನ್ನುವ ದ್ವೀಪಗಳಿಗೆ ಬಂದು ಹಿಮದ ಬೆಟ್ಟದಲ್ಲಿ ನೆಲೆಸಿ ಹಿಮದ ಪ್ರಾಣಿಯಾಗಿದೆ. ಹೆಸರು ಅದೇ, ಜಾತಿ ಅದೇ, ಸ್ವಭಾವ ಆ ನೆಲದ್ದು. ಮುಂದಿನ ಗೇಮ್‌ಗಳಲ್ಲಿ ಇದನ್ನು ಬೇರೆ ಪ್ರದೇಶಕ್ಕೆ ಒಯ್ದು ಮರಿ ಮಾಡಿಸಿದರೆ ಮರಿ ಅಲೋಲಾ ರೂಪದಲ್ಲಿ ಹುಟ್ಟಲ್ಲ. ತಂದೆ ಅಥವಾ ತಾಯಿಯ ಕೈಗೆ ಎವರ್‌ಸ್ಟೋನ್ ಅನ್ನೋ ಕಲ್ಲು ಕೊಟ್ಟರೆ ಮಾತ್ರ ಆ ರೂಪ ಮರಿಗೂ ಇಳಿಯುತ್ತೆ. ಇದನ್ನು ಮಗಳು ನನಗೆ ವಿವರಿಸಿದ ದಿನ ನಾವು ತುಂಬಾ ಹೊತ್ತು ಮಾತಾಡಿದೆವು. ಇಲ್ಲಿ ಹುಟ್ಟಿದವಳು ಯಾವ ಊರಿನವಳು, ಅಪ್ಪ-ಅಮ್ಮ ಕೈಯಲ್ಲಿ ಏನು ಹಿಡಿದುಕೊಂಡು ಬಂದರು ಅಂತೆಲ್ಲ ಅವಳೇ ಕೇಳಿದಳು. ನಾನಾಗಿ ತೆಗೆದಿದ್ದರೆ ಆ ಮಾತು ಉಪದೇಶ ಆಗ್ತಿತ್ತು.

ಸಾಕುವ ವಿಷಯದಲ್ಲಿ ಪೋಕೆಮಾನ್‌ಗಿಂತ ಆಳಕ್ಕೆ ಹೋಗುವ ಗೇಮ್‌ಗಳಿವೆ. 1997ರ ಮಾನ್‌ಸ್ಟರ್ ರ‍್ಯಾಂಚರ್‌ನಲ್ಲಿ ಪ್ಲೇಸ್ಟೇಷನ್‌ಗೆ ಹಾಡಿನ ಸಿಡಿ ಹಾಕಿದರೆ ಆ ಸಿಡಿಯಿಂದ ಒಂದು ಮಾನ್‌ಸ್ಟರ್ ಹುಟ್ಟುತ್ತಿತ್ತು. 2021ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಸಿಡಿ ಬೇಕಿಲ್ಲ, ಹೆಸರು ಹುಡುಕಿ ಆರಿಸಿದರೆ ಸಾಕು. ಪ್ರತಿ ವಾರ ಅದಕ್ಕೆ ಏನು ಕೆಲಸ ಕೊಡಬೇಕು, ಯಾವಾಗ ವಿಶ್ರಾಂತಿ ಅಂತ ನಾವೇ ತೀರ್ಮಾನಿಸಬೇಕು. ದುಡಿಸಿದ್ದು ಜಾಸ್ತಿಯಾದರೆ ದಣಿವು, ಒತ್ತಡ ಏರಿ ಆಯಸ್ಸೇ ಕಡಿಮೆಯಾಗುತ್ತೆ. ಕೆಲಸದಲ್ಲಿ ತಪ್ಪಿದಾಗ ಗದರಬೇಕಾ, ಸುಮ್ಮನಿರಬೇಕಾ ಅನ್ನೋದೂ ನಮ್ಮ ಕೈಯಲ್ಲೇ. ಬರೀ ಮುದ್ದು ಮಾಡಿದರೂ ಅದು ಮಾತು ಕೇಳಲ್ಲ, ಬರೀ ಹೆದರಿಸಿದರೂ ನಿಷ್ಠೆ ಪೂರ್ತಿ ಸಿಗಲ್ಲ. ಎರಡೂ ಸೇರಿಯೇ ಲೆಕ್ಕ. ‘ನೀನಾಗಿದ್ದರೆ ಈಗ ಗದರುತ್ತಿದ್ದೆಯಾ?’ ಅಂತ ಮಗುವನ್ನು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ನಮ್ಮ ಬಗ್ಗೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡದ್ದೂ ಅದರಲ್ಲಿ ಬರಬಹುದು.

ಈ ಗೇಮ್‌ನಲ್ಲೂ 1999ರ ಡಿಜಿಮಾನ್ ವರ್ಲ್ಡ್‌ನಲ್ಲೂ ಸಾಕಿದ ಪ್ರಾಣಿಗೆ ವಯಸ್ಸಾಗಿ ಸಾವು ಬರುತ್ತೆ. ಡಿಜಿಮಾನ್‌ನಲ್ಲಿ ಮತ್ತೆ ಮೊಟ್ಟೆಯಿಂದ ಶುರು ಮಾಡಬೇಕು. ಮಾನ್‌ಸ್ಟರ್ ರ‍್ಯಾಂಚರ್‌ನಲ್ಲಿ ಸಾಯುವ ಮೊದಲೇ ಹಿಮಗಟ್ಟಿಸಿ ಇಟ್ಟುಕೊಳ್ಳುವ ದಾರಿಯೂ ಇದೆ. ಮೃದು ಮನಸ್ಸಿನ ಚಿಕ್ಕ ಮಕ್ಕಳು ಇದಕ್ಕೆ ನಿಜವಾಗಿ ಅಳುತ್ತಾರೆ. ‘ಅದು ಬರೀ ಗೇಮ್ ಅಲ್ವಾ’ ಅಂತ ದಯವಿಟ್ಟು ಹೇಳಬೇಡಿ. ಮಗು ಇಷ್ಟು ದಿನ ಅದಕ್ಕೆ ಊಟ ಹಾಕಿದೆ, ಮಲಗಿಸಿದೆ. ಆ ದುಃಖದ ಜೊತೆ ಸ್ವಲ್ಪ ಹೊತ್ತು ಕೂರೋಣ. ಏಳೆಂಟು ವರ್ಷದ ಒಳಗಿನವರಿಗೆ ಇವುಗಳ ಬದಲು ಪೋಕೆಮಾನ್ ಕೊಡೋದು ಒಳ್ಳೇದು. ಅಲ್ಲಿ ಕಾಳಗದಲ್ಲಿ ಸೋತ ಪ್ರಾಣಿ ಮೂರ್ಛೆ ಹೋಗುತ್ತೆ ಅಷ್ಟೇ.

ಈ ಜಾತಿಯ ಎಲ್ಲವೂ ಮಕ್ಕಳದ್ದಲ್ಲ. ಚಿತ್ರ ಮುದ್ದಾಗಿದೆ ಅಂತ ಮೋಸ ಹೋಗಬೇಡಿ. 2024ರ ಜನವರಿಯಲ್ಲಿ ಬಂದ ಪಾಲ್‌ವರ್ಲ್ಡ್‌ನಲ್ಲಿ ಪ್ರಾಣಿ ಹಿಡಿಯುವುದರ ಜೊತೆಗೆ ಬಂದೂಕು ಇದೆ, ಹಿಡಿದ ಪ್ರಾಣಿಗಳನ್ನು ದುಡಿಸುವುದಿದೆ, ಕಡಿದು ಕೊಲ್ಲುವುದೂ ಇದೆ. ಶಿನ್ ಮೆಗಾಮಿ ಟೆನ್ಸೇ ದೊಡ್ಡವರ ಗೇಮ್. ಅದರಲ್ಲಿ ಶಿವ, ವಿಷ್ಣು, ಕಾಳಿ ಕೂಡ ಪಾತ್ರಗಳಾಗಿ ಬರುತ್ತಾರೆ. ಹದಿಹರೆಯದವರ ಕೈಗೆ ಸಿಗುವ ಮೊದಲು ಇದು ನಿಮಗೆ ಗೊತ್ತಿರಲಿ. ಡಬ್ಬದ ಮೇಲಿನ ವಯಸ್ಸಿನ ಗುರುತನ್ನು ತಪ್ಪದೆ ಓದಿ. ಗೇಮ್ ಒಳಗೆ ಹಣ ಕೊಟ್ಟು ಕೊಳ್ಳುವ ಸೌಲಭ್ಯಕ್ಕೆ ಪೋಷಕರ ಪಾಸ್‌ವರ್ಡ್ ಹಾಕಿಡಿ. ಆನ್‌ಲೈನ್‌ನಲ್ಲಿ ಅಪರಿಚಿತರ ಜೊತೆ ಪ್ರಾಣಿ ಬದಲಾಯಿಸಿಕೊಳ್ಳುವಾಗ ಚಿಕ್ಕವರ ಪಕ್ಕದಲ್ಲಿ ನೀವಿರಿ.

ಕೊನೆಗೆ, ದಿನಾ ನಡೆಯುವ ಎರಡು ಜಗಳಗಳ ಬಗ್ಗೆ. ಹಳೆಯ ಪೋಕೆಮಾನ್ ಕಾರ್ಟ್ರಿಜ್‌ಗಳಲ್ಲಿ (ಯಂತ್ರಕ್ಕೆ ಸಿಕ್ಕಿಸುವ ಗೇಮ್ ಡಬ್ಬಿಗಳಲ್ಲಿ) ಒಬ್ಬರ ಆಟ ಮಾತ್ರ ಸೇವ್ ಆಗೋದು. ತಮ್ಮ ಹೊಸದಾಗಿ ಶುರು ಮಾಡಿ ಸೇವ್ ಮಾಡಿದರೆ ಅಕ್ಕ ತಿಂಗಳುಗಟ್ಟಲೆ ಸಾಕಿದ್ದೆಲ್ಲ ಅಳಿಸಿಹೋಗುತ್ತೆ. ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಯಂತ್ರದಲ್ಲಿ ಆಡುವುದಾದರೆ ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಡಿ, ಪ್ರತಿಯೊಬ್ಬರ ಆಟ ಬೇರೆಯಾಗಿ ಉಳಿಯುತ್ತೆ. ಇನ್ನು ಊಟಕ್ಕೆ ಕರೆದಾಗ ‘ಇನ್ನೈದು ನಿಮಿಷ’ ಅನ್ನುವ ಜಗಳ. ಪೋಕೆಮಾನ್‌ನಲ್ಲಿ ದಾರಿಯಲ್ಲಿ ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಕಾಳಗದ ನಡುವೆ ಮಾತ್ರ ಆಗಲ್ಲ. ಆದ್ದರಿಂದ ‘ಆಫ್ ಮಾಡು’ ಅನ್ನುವ ಮೊದಲು ‘ಬ್ಯಾಟಲ್ ನಡೀತಿದೆಯಾ?’ ಅಂತ ಕೇಳಿ. ನಡೀತಿದ್ದರೆ ಮುಗಿಯುವ ತನಕ ಕಾಯಿರಿ, ಇಲ್ಲದಿದ್ದರೆ ಆಗಲೇ ಸೇವ್ ಮಾಡಿ ಏಳಬೇಕು. ನಮ್ಮ ಮನೆಯಲ್ಲಿ ಈ ಒಪ್ಪಂದ ಮಾಡಿಕೊಂಡ ಮೇಲೆ ಊಟದ ಹೊತ್ತಿನ ಕೂಗಾಟ ನಿಂತಿದೆ. ನಿಮ್ಮ ಮಕ್ಕಳು ಯಾವ ಗೇಮ್ ಆಡ್ತಾರೆ, ವಯಸ್ಸೆಷ್ಟು ಅಂತ ಬರೆಯಿರಿ, ಅದರ ಬಗ್ಗೆ ನನಗೆ ಗೊತ್ತಿರೋದನ್ನು ಖಂಡಿತ ಹೇಳ್ತೀನಿ.